ಇತ್ತಲ್ಲ

"ಆಯೀ, ಇತ್ತಲ್ಲ ಅಂದ್ರೇನ?" ಎಂದು ಮೊಮ್ಮಗಳು ಪಾರಿ ಕೇಳಿದಾಗ ಆಯಿ ಅಂಗಳದಲ್ಲಿ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು.

"ಮಾಯ ಆದದ್ದಕ್ಕ ಹಂಗಂತಾರವ್ವ. ಮೊದಲ ನಮ್ಮ ಓಣಿ ತುದಿಯಾಗ ಏನೋ ಒಂದು ಹೋತು. ಮಂದಿ ಕೂಡಿ, 'ಇಲ್ಲೊಂದು ಇತ್ತಲ್ಲ, ಏನದು?' ಅಂದ್ರು. ಯಾರ ಬಾಯಾಗೂ ಹೆಸರು ಬರಲಿಲ್ಲ. ಮೊದಲ ಹೆಸರು ಹೋಗ್ತದ, ಅದರ ಹಿಂದ ಆ ವಸ್ತುನೂ ಹೋಗ್ತದ."

ಅದಕ್ಕೇ ಊರವರೆಲ್ಲ ಬೆಳಿಗ್ಗೆ ಒರಳು, ಬೀಸುಕಲ್ಲು, ಎಮ್ಮೆಗಳನ್ನು ಹೆಸರು ಹಿಡಿದು ಕರೆದೇ ಒಲೆ ಹಚ್ಚುತ್ತಿದ್ದರು.

"ಮುತ್ಯಾನ ಹೆಸರೇನ?"

ಆಯಿ ನಕ್ಕಳು. ಊರಿಗೆಲ್ಲ ಅವನು ಮುತ್ಯಾ. ಮದುವೆಯಾದಾಗಿನಿಂದ ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಕರೆದವಳೇ ಅಲ್ಲ. ಪಾರಿಯ ಕಿವಿಯಲ್ಲಿ ಹೇಳಲೆಂದು ಬಗ್ಗಿದಳು. ಹೆಸರು ಬರಲಿಲ್ಲ.

ಸೊಪ್ಪು ಚೆಲ್ಲಿ ಹಿತ್ತಲಿಗೆ ಓಡಿದಳು. ಎಮ್ಮೆಗೆ ಮೇವು ಹಾಕುತ್ತಿದ್ದ ಮುತ್ಯಾನ ಮೈಯೊಳಗಿಂದ ಆಚೆಯ ಗೋಡೆ ಕಾಣತೊಡಗಿತ್ತು.

ಮದುವೆಯ ದಿನ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಕೂಡಿಸಿ ಪ್ರಾಸದ ಒಡಪು ಹೇಳಿಸಿದ್ದು ನೆನಪಾಯಿತು. ಅದನ್ನೇ ಮೊದಲಿನಿಂದ ಹಿಡಿದಳು. ಕೊನೆಯ ಸಾಲಿಗೆ "ಗುರುಬಸಪ್ಪ!" ಎಂದು ಬಾಯಿಂದ ಬಂದೇಬಿಟ್ಟಿತು. ಮುತ್ಯಾ ಮೊದಲಿನಂತೆ ಗಟ್ಟಿಯಾಗಿ ನಿಂತ. ನಾಚಿ ನಕ್ಕು, ಅವಳನ್ನು ಕರೆಯಲು ಬಾಯಿ ತೆರೆದ.

ಅವನಾದರೂ ಇಷ್ಟು ವರ್ಷ "ಏ, ಇಕೀ" ಎಂದೇ ಕರೆದವನು. ತೆರೆದ ಬಾಯಿ ಹಾಗೇ ಉಳಿಯಿತು.

ತನ್ನ ಹೆಸರು ಆಯಿಗೂ ಹೊಳೆಯಲಿಲ್ಲ. "ನಿಮ್ಮ ಒಡಪು ಹೇಳ್ರಿ, ಲಗೂನ!" ಎಂದಳು.

"ನನಗ ಯಾರೂ ಹೇಳಸಲಿಲ್ಲಲ್ಲ," ಎನ್ನುತ್ತ ಮುತ್ಯಾ ಅವಳ ಕೈ ಹಿಡಿಯಲು ಹೋದ. ಅವಳ ಕೈಯೊಳಗೇ ಅವನ ಬೆರಳುಗಳು ಒಂದಕ್ಕೊಂದು ತಾಗಿದವು.