ರಜೆಗೆ ಸಾಲದ ನೋವು

ರಜೆ ಕೇಳಿದವರ ನೋವನ್ನು ಸೂಪರ್‌ವೈಸರ್ ಒಂದು ನಿಮಿಷ ತಾನೇ ಅನುಭವಿಸಿ ನೋಡಬೇಕೆಂಬುದು ಗಾರ್ಮೆಂಟ್ ಕಾರ್ಖಾನೆಗಳ ಹಳೆಯ ನಿಯಮ. ಸಾಲಿನಲ್ಲಿ ಮೊದಲಿದ್ದ ಹೆಂಗಸಿನ ಹಲ್ಲುನೋವಿಗೆ ಸೂಪರ್‌ವೈಸರ್ ಹಾಲಪ್ಪ ದವಡೆ ಹಿಡಿದುಕೊಂಡು, ಬೈಯುತ್ತಲೇ ಅರ್ಧ ದಿನ ಕೊಟ್ಟ. ನಂತರ ವಾರಿಜಾಳ ಸರದಿ. ಅವಳ ಮಣಿಕಟ್ಟಿಗೆ ಕಟ್ಟಿದ, ನೋವು ದಾಟಿಸುವ ತಂತಿಯ ಇನ್ನೊಂದು ತುದಿಯನ್ನು ಅವನು ತನ್ನ ಮಣಿಕಟ್ಟಿಗೆ ಸಿಕ್ಕಿಸಿಕೊಂಡ.

“ನಿಂದೇನು?”

“ನಾಳೆ ನಮ್ಮೆಜಮಾನ್ರ ಹನ್ನೊಂದನೇ ದಿನದ ಕಾರ್ಯ, ಸರ್. ನಾನಿರಲೇಬೇಕು.”

ಅವನು ತಂತಿಯನ್ನು ಬಿಗಿಮಾಡಿ ಇನ್ನೊಂದು ನಿಮಿಷ ಕಾದ.

“ಗಂಡ ಸತ್ತ ಅಂತ ಕಥೆ ಹೊಡೀತೀಯಾ? ನಂಗೇನೂ ಆಗ್ತಾನೇ ಇಲ್ವಲ್ಲಮ್ಮ.”

“ನಂಗೂ ಆಗ್ತಾ ಇಲ್ಲ ಸರ್,” ಎಂದಳು ವಾರಿಜಾ. “ಹತ್ತು ದಿನದಿಂದ.”

ಹಾಲಪ್ಪ ಅರ್ಜಿಯ ಮೇಲೆ ‘ನೋವಿಲ್ಲ’ ಎಂದು ಬರೆದು, ಮುಂದಿನವಳನ್ನು ಕರೆದ.