ಟರ್ಬೊ ಬೇಕೆ, ಸಾದಾ ಸಾಕೆ

"ಟರ್ಬೊ ಕಾರಾದ್ರೆ ಮೂರನೇ ಗೇರಲ್ಲೇ ಹೊರಡಬಹುದಂತೆ, ಅಲ್ವಾ?" ಎಂದು ಮಗಳು ಶೋರೂಮಿನ ಸೇಲ್ಸ್‌ಮನ್‌ನನ್ನು ಕೇಳಿದಳು. ಕೇಳಿದ್ದು ಅವನನ್ನು, ಕಣ್ಣು ಮಾತ್ರ ಅಪ್ಪನ ಮೇಲಿತ್ತು.

ಅಪ್ಪ ಸೋಫಾದ ಮೂಲೆಯಲ್ಲಿ ಕೈಕಟ್ಟಿ ಕೂತಿದ್ದರು. ಊರಿನ ಅರ್ಧದಷ್ಟು ಜನಕ್ಕೆ ಕಾರು ಕಲಿಸಿದ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು ಅವರು. ಹೆಂಡತಿ ತೀರಿಕೊಂಡ ಮೇಲೆ ಸ್ಟೀರಿಂಗ್ ಮುಟ್ಟಿರಲಿಲ್ಲ. ಮಾತು 'ಹೂಂ', 'ಬೇಡ' ಎಂಬಲ್ಲಿಗೆ ಬಂದು ನಿಂತಿತ್ತು. ಬೆಳಿಗ್ಗೆ ದೇವರ ಮುಂದೆ ಕೂತಾಗ ತುಟಿ ಅಲ್ಲಾಡುತ್ತಿತ್ತು, ಅಷ್ಟೇ. ತನ್ನ ಕನ್ನಡಕದ ಅಂಗಡಿಗೆ ಓಡಾಡಲು ಮಗಳಿಗೊಂದು ಸಣ್ಣ ಕಾರು ಬೇಕಿತ್ತು ನಿಜ. ಆದರೆ ಅವಳು ಹಿಂದಿನ ವಾರವೇ ಒಬ್ಬಳೇ ಬಂದು, ಎರಡೂ ಬಗೆಯದನ್ನು ಓಡಿಸಿ, ಆರಿಸಿಯೂ ಆಗಿತ್ತು. ಇಂದು ಬಂದದ್ದು ಅಪ್ಪನ ಬಾಯಿ ಬಿಡಿಸಲು. ತಪ್ಪು ಮಾತು ಕಿವಿಗೆ ಬಿದ್ದರೆ ಮೇಷ್ಟ್ರು ಸುಮ್ಮನಿರಲಾರರು ಎಂಬುದೊಂದೇ ಅವಳ ಧೈರ್ಯ.

"ಮೇಡಂ, ಮೊನ್ನೆ ನೀವೇ..." ಎಂದ ಸೇಲ್ಸ್‌ಮನ್. ಅವಳು ಕಣ್ಣಲ್ಲೇ ಗದರಿದಳು. ಅವನು ಟೈ ಸರಿಮಾಡಿಕೊಂಡು ಕಿಟಕಿಯ ಕಡೆ ತಿರುಗಿದ.

"ಟರ್ಬೊ ಅಂದ್ರೆ ಪೆಟ್ರೋಲ್ ಜೋರಾಗಿ ಸುರಿಯೋ ಪಂಪು ಅಂತ ನಮ್ಮ ಪಕ್ಕದಂಗಡಿ ಟೈಲರ್ ಹೇಳಿದ," ಎಂದು ಅವಳು ಮುಂದುವರಿಸಿದಳು.

"ಅವನಿಗೆ ಗುಂಡಿ ಹೊಲಿಯೋಕೆ ಹೇಳು." ಅಪ್ಪನ ಕಟ್ಟಿದ ಕೈ ಬಿಚ್ಚಿತು. "ಪೆಟ್ರೋಲಲ್ಲ, ಗಾಳಿ. ಸಾದಾ ಇಂಜಿನ್ ನಮ್ಮ ಹಾಗೆ, ತನ್ನಷ್ಟಕ್ಕೆ ಉಸಿರು ಎಳ್ಕೊಳ್ಳತ್ತೆ. ಟರ್ಬೊದಲ್ಲಿ, ಹೊರಗೆ ಹೋಗೋ ಹೊಗೇನೇ ಒಂದು ಚಕ್ರ ತಿರುಗಿಸತ್ತೆ, ಆ ಚಕ್ರ ಗಾಳೀನ ಒಳಗೆ ನೂಕತ್ತೆ."

"ಹಾಗಾದ್ರೆ ಕಾಲಿಟ್ಟ ತಕ್ಷಣ ಹಾರತ್ತೆ."

"ಎಲ್ಲಿ ಹಾರತ್ತೆ? ಚಕ್ರಕ್ಕೆ ವೇಗ ಬರೋವರೆಗೆ ಕಾಯಬೇಕು. ಸಿಗ್ನಲ್ಲಿಂದ ಸಿಗ್ನಲ್ಲಿಗೆ ತೆವಳೋರಿಗೆ ಸಾದಾನೇ ಸಲೀಸು. ಮೂರನೇ ಗೇರಲ್ಲಿ ಹೊರಡ್ತಾಳಂತೆ, ಮೂರನೇ ಗೇರಲ್ಲಿ! ನಿನಗೆ ಕಲಿಸಿದ ಪುಣ್ಯಾತ್ಮ ಯಾರು?"

"ನೀವೇ."

ಸಾದಾ ಕಾರನ್ನು ಮಗಳು ಓಡಿಸಿದಳು. ಪಕ್ಕದಲ್ಲಿ ಕೂತ ಅಪ್ಪನ ಕಾಲು ಹಳೆಯ ಅಭ್ಯಾಸದಂತೆ ಅಲ್ಲಿಲ್ಲದ ಬ್ರೇಕನ್ನು ಹುಡುಕುತ್ತಿತ್ತು. ಟರ್ಬೊ ಕಾರಿಗೆ ಬಂದಾಗ ಅವಳು ಬೇಕೆಂದೇ ಎರಡು ಸಲ ಕ್ಲಚ್ಚನ್ನು ತಟ್ಟನೆ ಬಿಟ್ಟು ಇಂಜಿನ್ ನಿಲ್ಲಿಸಿದಳು.

"ಇಳಿ ಕೆಳಗೆ," ಎಂದರು ಮೇಷ್ಟ್ರು.

ಸೀಟು ಮುಂದಕ್ಕೆಳೆದು, ಕನ್ನಡಿ ತಿರುಗಿಸಿ, ಕಣ್ಣು ಮುಚ್ಚಿ ಏನೋ ಹೇಳಿಕೊಂಡು ಹೊರಟರು. ಮೇಲ್ಸೇತುವೆಯ ಏರಿನಲ್ಲಿ ಮುಂದೊಂದು ಲಾರಿ ಏದುಸಿರು ಬಿಡುತ್ತಿತ್ತು. ಅವರು ಗೇರು ಇಳಿಸಿ ಕಾಲೊತ್ತಿದರು. ಕಾರು ಒಂದು ಕ್ಷಣ ಯೋಚಿಸಿದಂತೆ ಮಾಡಿ, ಆಮೇಲೆ ಮೂವರ ಬೆನ್ನನ್ನೂ ಸೀಟಿಗೆ ಒತ್ತಿ ಲಾರಿಯನ್ನು ದಾಟಿತು. ಹಿಂದೆ ಕೂತಿದ್ದ ಸೇಲ್ಸ್‌ಮನ್ ಹಿಡಿಕೆಗೆ ಜೋತುಬಿದ್ದ.

"ನೋಡಿದ್ಯಾ? ಈಗ ಬಂತು," ಎಂದು ಅಪ್ಪ ನಕ್ಕರು. ಮಗಳು ಕಿಟಕಿಯ ಆಚೆ ನೋಡುತ್ತ ಮೂಗು ಒರೆಸಿಕೊಂಡಳು.

ಶೋರೂಮಿನ ಮುಂದೆ ಕಾರು ನಿಂತರೂ ಅಪ್ಪ ಕೀಲಿ ತಿರುಗಿಸಲಿಲ್ಲ.

"ಆಫ್ ಮಾಡಿ ಅಪ್ಪ."

"ಏರು ಹತ್ತಿ ಬಂದಿದೆ. ಸ್ವಲ್ಪ ಸುಧಾರಿಸಿಕೊಳ್ಳಲಿ." ಇಂಜಿನ್ ಮೆಲ್ಲಗೆ ಗುನುಗುತ್ತಿತ್ತು. "ಮೊನ್ನೆ ಬಂದಾಗ ಯಾವುದು ಆರಿಸಿದ್ದೆ?"

ಸಿಕ್ಕಿಬಿದ್ದವಳು ತಲೆತಗ್ಗಿಸಿದಳು. "ಸಾದಾ."

"ಜಾಣೆ. ನಿನ್ನ ದಾರಿಗೆ ಅದೇ ಸರಿ." ಅವರು ಈಗ ಕೀಲಿ ತಿರುಗಿಸಿ, ಹಿಂದಕ್ಕೆ ಕೈಚಾಚಿ ಅದನ್ನು ಸೇಲ್ಸ್‌ಮನ್‌ಗೆ ಕೊಟ್ಟರು. "ನಮಗೆ ಟರ್ಬೊ ಇರಲಿ ಕಣಪ್ಪ."

"ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ. ಅದಕ್ಕೆ ಟರ್ಬೊ ಯಾಕಪ್ಪ?" ಈ ಸಲ ಅವಳು ನಿಜವಾಗಿಯೇ ವಾದಕ್ಕೆ ನಿಂತಿದ್ದಳು.

"ಬೆಳಿಗ್ಗೆ ನಿನ್ನ ಅಂಗಡಿಗೆ ಬಿಡ್ತೀನಿ, ಸಂಜೆ ಬಂದು ಕರ್ಕೊಂಡು ಹೋಗ್ತೀನಿ," ಎಂದರು ಅಪ್ಪ ಬಾಗಿಲು ತೆರೆಯುತ್ತ. "ನಡುವೆ ನಾನು ಯಾವ ಬೆಟ್ಟ ಹತ್ತಿದ್ದೆ ಅಂತ ಕೇಳಬಾರದು."