ತಂಗಿಯ ಜಡೆ

"ನಿಮ್ಮಜ್ಜಿ ಬೆಳಗ್ಗೆಯಿಂದ ಕಾಯ್ತಿದಾರೆ," ಎಂದಳು ನರ್ಸ್, ಆಗಷ್ಟೇ ನೌಕೆಯಿಂದಿಳಿದ ಗಗನಯಾತ್ರಿಗೆ.

"ಅಜ್ಜಿ ಅಲ್ಲಮ್ಮ, ತಂಗಿ ನಾನು!" ಬೆಂಚಿನಲ್ಲಿದ್ದ ಮುದುಕಿ ಗದರಿದಳು. ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಹಾರಿದ ಅಕ್ಕನಿಗೆ ಕಳೆದದ್ದು ಎರಡೇ ವರ್ಷ. ಇಲ್ಲಿ ಕಾದ ತಂಗಿಗೆ ನಲವತ್ತು.

ಆ ನರೆತ ತಲೆ ಕಂಡು ಅಕ್ಕನಿಗೆ ಸಲಿಗೆಯ ಮಾತೇ ಹೊರಡಲಿಲ್ಲ. "ಚೆನ್ನಾಗಿದೀರಾ?" ಎಂದುಬಿಟ್ಟಳು.

ತಂಗಿಯ ಮುಖ ಸಪ್ಪಗಾಯಿತು. ಚೀಲದಿಂದ ಹಲ್ಲು ಮುರಿದ ಚಿಕ್ಕಂದಿನ ಬಾಚಣಿಗೆ ತೆಗೆದು ಅಕ್ಕನ ಕೈಗಿಟ್ಟು, ಬೆನ್ನು ತಿರುಗಿಸಿ ಕೂತಳು. ಅಕ್ಕನ ಬೆರಳುಗಳು ತಾವಾಗಿಯೇ ಬಿಳಿಗೂದಲನ್ನು ಮೂರು ಎಳೆ ಮಾಡಿ ಹೆಣೆಯತೊಡಗಿದವು.

"ಅಯ್ಯೋ, ಮೆಲ್ಲಗೆ ಕಣೇ ಅಕ್ಕಾ, ನೋಯುತ್ತೆ!"

"ತಲೆ ಅಲ್ಲಾಡಿಸ್ಬೇಡ, ಸುಮ್ನೆ ಕೂತ್ಕೊಳೇ," ಎಂದು ಅಕ್ಕ ನೆತ್ತಿಯ ಮೇಲೊಂದು ಮೊಟಕಿದಳು.